ಹೆಗಲಾಚೆಯ ನೋಟ

"ಅಮ್ಮಾ, ಚಿಕ್ಕಪ್ಪನ ಬೆನ್ನ ಹಿಂದೆ ಯಾರಿದಾರೆ?"

ಮಗಳು ಹೀಗೆ ಕೇಳಿದಾಗ ನಾನು ಅವಳ ಕೂದಲಿನ ಸಿಕ್ಕು ಬಿಡಿಸುತ್ತಿದ್ದೆ. ಯಾರೂ ಇಲ್ವಲ್ಲೇ ಅಂದೆ. "ಮತ್ಯಾಕೆ ಯಾವಾಗ್ಲೂ ತಿರುಗಿ ತಿರುಗಿ ನೋಡ್ತಾನೆ? ಊಟ ಮಾಡೋವಾಗ್ಲೂ ನೋಡ್ತಾನೆ, ಹಲ್ಲುಜ್ಜೋವಾಗ್ಲೂ ನೋಡ್ತಾನೆ. ಅವನಿಗೆ ಭಯಾನಾ?" ಐದು ವರ್ಷದವರ ಇಂಥ ಪ್ರಶ್ನೆಗಳಿಗೆ ಬಾಚಣಿಗೆ ಕೈಯಲ್ಲಿ ಹಿಡಿದುಕೊಂಡು ಉತ್ತರ ಹೇಳಲಾಗುವುದಿಲ್ಲ. "ಭಯ ಅಲ್ಲ ಪುಟ್ಟಿ, ಅದು ಅವನ ಕೆಲಸ" ಎಂದು ಹಿಂದೆಯೂ ಹೇಳಿದ್ದನ್ನೇ ಮತ್ತೆ ಹೇಳಿ ಜಡೆ ಮುಗಿಸಿದೆ. ಆದರೆ ಅವಳನ್ನು ಶಾಲೆಗೆ ಬಿಟ್ಟು ಬಂದು ದಿನಚರಿ ತೆರೆದಾಗ, ಸೋಪು ಮುಗಿದದ್ದನ್ನೂ ಅವಳ ಕೆಮ್ಮು ಇಳಿದದ್ದನ್ನೂ ಬರೆಯುವ ಬದಲು ಮೈದುನನ ವಿಷಯವನ್ನೇ ಬರೆಯುತ್ತ ಕುಳಿತುಬಿಟ್ಟೆ.

ನನ್ನ ಗಂಡನ ಒಬ್ಬನೇ ತಮ್ಮನಾದ ಈ ಮೈದುನ ಫುಟ್‌ಬಾಲ್ ಆಟಗಾರ. ಮೊನ್ನೆ ಮೊನ್ನೆಯವರೆಗೆ ಕ್ಲಬ್ಬಿನ ಅಕಾಡೆಮಿಯಲ್ಲಿ ಕಲಿಯುತ್ತಿದ್ದವನು, ಈಗ ಅದೇ ಕ್ಲಬ್ಬಿನ ಮೊದಲ ತಂಡಕ್ಕೆ ಆಡುತ್ತಾನೆ. ಅವನ ಜಾಗ ಮೈದಾನದ ನಟ್ಟನಡುವೆ. ಅಲ್ಲಿ ನಿಂತವನಿಗೆ ಚೆಂಡು ಕಣ್ಣೆದುರಿನಿಂದ ಬಂದರೆ ಎದುರಾಳಿ ಬೆನ್ನ ಹಿಂದಿನಿಂದ ಬರುತ್ತಾನೆ. "ಚೆಂಡು ಕಾಲಿಗೆ ಬರೋಕೆ ಮುಂಚೆ ಹೆಗಲ ಮೇಲಿಂದ ಒಂದ್ಸಲ ಹಿಂದೆ ನೋಡು, ಬಂದ್ಮೇಲೆ ನೋಡ್ತೀನಿ ಅಂದ್ರೆ ಅಷ್ಟೊತ್ತಿಗೆ ನಿನ್ನ ಕಥೆ ಮುಗಿದಿರತ್ತೆ" ಎಂದು ಅಕಾಡೆಮಿಯ ತರಬೇತುದಾರರು ಮೊದಲ ವಾರದಲ್ಲೇ ಹೇಳಿದ್ದರಂತೆ. ಉಳಿದ ಹುಡುಗರು ಆ ಮಾತನ್ನು ಮೈದಾನದಲ್ಲೇ ಬಿಟ್ಟು ಮನೆಗೆ ಹೋದರು. ನಮ್ಮವನು ವ್ರತ ಹಿಡಿದವನಂತೆ ಅದನ್ನು ಮನೆಗೂ ಹೊತ್ತು ತಂದ. ನಾನು ತಟ್ಟೆ ಚಾಚಿದರೆ, ಕೈಯೊಡ್ಡುವ ಮುಂಚೆ ಎಡ ಹೆಗಲಿನಿಂದೊಮ್ಮೆ, ಬಲ ಹೆಗಲಿನಿಂದೊಮ್ಮೆ ಹಿಂದೆ ನೋಡಿಯೇ ತೆಗೆದುಕೊಳ್ಳುತ್ತಾನೆ. ಕತ್ತು ಪೂರ್ತಿ ತಿರುಗುವುದಿಲ್ಲ. ಗಲ್ಲ ಹೆಗಲನ್ನು ಮುಟ್ಟಿದಂತಾಗಿ ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ, ಅಷ್ಟೇ. ಆದರೆ ಆ ಕ್ಷಣಾರ್ಧದಲ್ಲಿ ಅವನು ಕಂಡದ್ದೆಷ್ಟು ಎಂಬುದು ಆಮೇಲೆ ತಿಳಿಯುತ್ತದೆ. ಒಲೆಗೆ ಬೆನ್ನು ಹಾಕಿ ಕುಳಿತಲ್ಲಿಂದಲೇ, ಎದ್ದೇಳದೆ, ದನಿ ಎತ್ತದೆ, "ಅತ್ತಿಗೆ, ಬಂತು" ಅನ್ನುತ್ತಾನೆ. ನಾನು ಓಡಿ ನೋಡಿದರೆ ಹಾಲು ಪಾತ್ರೆಯ ಕಂಠದವರೆಗೆ ಬಂದು ಉಕ್ಕಲು ಕಾಯುತ್ತಿರುತ್ತದೆ.

ಈ 'ಬಂತು' ಕೂಡ ಮೈದಾನದಿಂದ ಬಂದ ಮಾತೇ. ಹಿಂದಿನಿಂದ ಎದುರಾಳಿ ಮೇಲೆ ಬೀಳುತ್ತಿದ್ದಾನೆಂದು ಜೊತೆಯವನನ್ನು ಎಚ್ಚರಿಸಲು ಆ ಹುಡುಗರು "ಬಂದ!" ಎಂದು ಕೂಗುತ್ತಾರೆ. ನಮ್ಮ ಮನೆಯಲ್ಲಿ ಆ ಕೂಗು ಹಾಲಿಗೂ ಒಪ್ಪುತ್ತದೆ, ಬಾಡಿಗೆ ಕೇಳಲು ಮೆಟ್ಟಿಲೇರುವ ಮಾಲೀಕನಿಗೂ ಒಪ್ಪುತ್ತದೆ, ನನ್ನ ಸಿಟ್ಟಿಗೂ ಒಪ್ಪುತ್ತದೆ. ಒಮ್ಮೆ ನಾನು ಪೊರಕೆ ಹಿಡಿದು ಹಜಾರಕ್ಕೆ ಬರುತ್ತಿದ್ದಾಗ ಇವನು ಅಣ್ಣನಿಗೆ ಮೆತ್ತಗೆ "ಅಣ್ಣಾ, ಬಂದ್ರು" ಅಂದದ್ದೂ, ನನ್ನ ಗಂಡ ಕಾಲು ಮೇಲೆತ್ತಿ ಪತ್ರಿಕೆಯಲ್ಲಿ ಮುಖ ಮುಚ್ಚಿಕೊಂಡದ್ದೂ ನನಗೆ ಕಾಣದೇ ಹೋಗಲಿಲ್ಲ.

ಜೊತೆಯ ಹುಡುಗರು ಅವನಿಗೆ ಗೂಬೆ ಎಂದು ಹೆಸರಿಟ್ಟರು. ಕತ್ತು ತಿರುಗಿಸುವ ಪಕ್ಷಿ ಅದೊಂದೇ ಎಂದು ಅವರ ಲೆಕ್ಕ. ಬೇರೆ ಊರಿನಲ್ಲಿ ಹೊಲಿಗೆ ಅಂಗಡಿ ನಡೆಸುವ ನನ್ನ ಅತ್ತೆಯ ಕಿವಿಗೆ ಇದು ಬಿದ್ದ ದಿನ ಫೋನಿನಲ್ಲಿ ನನಗೆ ಬಿಸಿ ಮುಟ್ಟಿತು. "ಬಂಗಾರದಂಥ ಹುಡುಗನ್ನ ಕಳಿಸಿದ್ರೆ ನೀವೆಲ್ಲ ಸೇರಿ ಗೂಬೆ ಮಾಡಿದ್ರಾ? ನೀನಾದ್ರೂ ಹೇಳ್ಬಾರ್ದೇನೇ ಆ ಹುಡುಗರಿಗೆ?" ಫೋನಿನ ಪಕ್ಕದಲ್ಲೇ ನಿಂತು ಅವನು, "ಅಮ್ಮಾ, ಇನ್ನೊಬ್ಬನಿಗೆ ಹಂದಿ ಅಂತಾರೆ, ನಂದೇ ವಾಸಿ" ಎಂದು ಕೂಗಿದ.

ಹದಿಮೂರರ ಹುಡುಗನಾಗಿ ಅವನು ನಮ್ಮ ಮನೆಗೆ ಬಂದಾಗ ನಾನಿನ್ನೂ ಹೊಸ ಮದುಮಗಳು. ನಮ್ಮ ಬಾಡಿಗೆ ಮನೆ ಇಸ್ತ್ರಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು; ಕ್ಲಬ್ಬಿನ ಮೈದಾನಕ್ಕೆ ನಡೆದೇ ಹೋಗಬಹುದಾಗಿತ್ತು; ಇದ್ದ ಎರಡು ಕೋಣೆಗಳಲ್ಲಿ ಒಂದರ ಮೂಲೆ ಅವನದಾಯಿತು. ಮೊದಲ ದಿನವೇ ಅಕಾಡೆಮಿಯವರು ಕೊಟ್ಟ ನೀಲಿ ಜಾಕೆಟ್ಟನ್ನು ತೊಟ್ಟು ಬಂದ. ಅದರೊಳಗೆ ಹುಡುಗ ಎಲ್ಲಿದ್ದಾನೆಂದು ಹುಡುಕಬೇಕಿತ್ತು. "ಬೆಳೀತಾನೆ ಅಂತ ದೊಡ್ಡದು ಕೊಟ್ಟಿದಾರೆ" ಎಂದು ನನ್ನ ಗಂಡ ಸಮಾಧಾನ ಹೇಳಿದರು. ನಾನು ಎರಡೂ ತೋಳುಗಳನ್ನು ಮೂರು ಮಡಿಕೆ ಮಡಿಚಿ ಕೈಹೊಲಿಗೆ ಹಾಕಿಕೊಟ್ಟೆ. ಮುಂದೆ ವರ್ಷ ವರ್ಷ ಒಂದೊಂದು ಮಡಿಕೆ ಬಿಚ್ಚುವುದು ನಮ್ಮಿಬ್ಬರ ನಡುವಿನ ಒಂದು ಸಣ್ಣ ಸಮಾರಂಭವೇ ಆಗಿಹೋಯಿತು. ಎರಡು ಮಡಿಕೆ ಬಿಚ್ಚಿದೆವು. ಮೂರನೆಯದು ಬಿಚ್ಚುವ ಯೋಗ ಬರಲಿಲ್ಲ. ಹುಡುಗ ಅಲ್ಲಿಗೇ ನಿಂತುಬಿಟ್ಟ. ಈಗಲೂ ಅವನು ಆ ಜಾಕೆಟ್ಟನ್ನೇ ಹಾಕುತ್ತಾನೆ, ಈಗಲೂ ಆ ಕಡೆಯ ಮಡಿಕೆ ಹಾಗೇ ಇದೆ. ಕ್ಲಬ್ಬಿನವರು ಹೊಸದು ಕೊಟ್ಟರೆ ಮಡಿಚಿ ಕಪಾಟಿನಲ್ಲಿಡುತ್ತಾನೆ. "ಅದು ಚೆನ್ನಾಗಿದೆ ಅತ್ತಿಗೆ, ಇದು ಅಭ್ಯಾಸ ಆಗಿದೆ."

ಎತ್ತರ ಇಲ್ಲದವನು ಮೊದಲಿಗನಾಗಿ ಹೊರಬೀಳುತ್ತಾನೆಂದು ಎಲ್ಲರೂ ಅಂದುಕೊಂಡಿದ್ದರು. ವರ್ಷದ ಕೊನೆಯಲ್ಲಿ ಅಕಾಡೆಮಿಯ ಹುಡುಗರನ್ನು ಒಬ್ಬೊಬ್ಬರನ್ನಾಗಿ ಕಚೇರಿಗೆ ಕರೆಯುತ್ತಿದ್ದರು. ಉಳಿಸಿಕೊಳ್ಳುವವರನ್ನು ನಿಲ್ಲಿಸಿಯೇ ಬೈದು, ತಪ್ಪುಗಳನ್ನೆಲ್ಲ ಎತ್ತಿ ತೋರಿಸಿ ಕಳಿಸುವುದು. ಕೈಬಿಡುವವರನ್ನು ಕೂರಿಸಿ, ಟೀ ತರಿಸಿಕೊಟ್ಟು, ತುಂಬ ಒಳ್ಳೆಯ ಮಾತಾಡಿ ಕೈ ಕುಲುಕುವುದು. ಹೀಗಾಗಿ ಆ ದಿನ ಸಂಜೆ ಬಾಗಿಲಲ್ಲೇ ನನ್ನ ಗಂಡನ ಪ್ರಶ್ನೆ ಒಂದೇ: "ಟೀ ಕೊಟ್ರೇನೋ?" "ಇಲ್ಲಣ್ಣ, ಚೆನ್ನಾಗಿ ಬೈದ್ರು." "ಬದುಕಿದ್ವಿ. ಏನಾದ್ರೂ ಸಿಹಿ ಮಾಡೇ!" ಹೀಗೆ ವರ್ಷ ವರ್ಷವೂ ಬೈಸಿಕೊಂಡು, ಬೈಸಿಕೊಂಡು ನಮ್ಮ ಹುಡುಗ ಹತ್ತೊಂಬತ್ತಕ್ಕೆ ಬಂದ.

ಆ ಕ್ಲಬ್ಬಿನಲ್ಲೊಂದು ಹಳೆಯ ಪದ್ಧತಿಯಿದೆ. ಅಕಾಡೆಮಿಯ ಹಿರಿಯ ಹುಡುಗರಿಗೆ ಮೊದಲ ತಂಡದ ಒಬ್ಬೊಬ್ಬ ಆಟಗಾರನ ಬೂಟುಗಳನ್ನು ವಹಿಸಿಕೊಡುತ್ತಾರೆ. ತೊಳೆಯುವುದು, ಒಣಗಿಸುವುದು, ಪಂದ್ಯಕ್ಕೆ ಸಜ್ಜು ಮಾಡುವುದು ಎಲ್ಲ ಅವರದೇ ಹೊಣೆ. ನಮ್ಮವನಿಗೆ ಸಿಕ್ಕಿದ್ದು ನಾಯಕನ ಬೂಟು. ಆ ನಾಯಕನನ್ನು ಇಡೀ ಕ್ಲಬ್ಬು ದೊಡ್ಡಣ್ಣ ಅಂತಲೇ ಕರೆಯುತ್ತದೆ. ಆಡುವ ಜಾಗವೂ ಇಬ್ಬರದೂ ಒಂದೇ, ಮೈದಾನದ ನಡುಮಧ್ಯೆ. ದೊಡ್ಡಣ್ಣನ ಬೂಟುಗಳನ್ನು ಅವನು ಕ್ಲಬ್ಬಿನ ಒಣಗಿಸುವ ಕೋಣೆಗೆ ಬಿಡುತ್ತಿರಲಿಲ್ಲ. ಅಲ್ಲಿಯ ಬಿಸಿಗೆ ಚರ್ಮ ಸೀಳುತ್ತದೆ ಎಂದು ಬಟ್ಟೆಯ ಚೀಲದಲ್ಲಿ ಮನೆಗೇ ತಂದು, ಬಾಲ್ಕನಿಯಲ್ಲಿ ಕೂತು, ನನ್ನ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮಣ್ಣು ತೆಗೆದು, ಒಳಗೆ ಪತ್ರಿಕೆ ತುರುಕಿಡುತ್ತಿದ್ದ. ಪತ್ರಿಕೆ ಉಂಡೆ ಮಾಡಿಕೊಡುವ ಕೆಲಸ ನನ್ನ ಮಗಳದು. ನನ್ನ ಗಂಡನಿಗೆ ಅಂದಿನ ಪತ್ರಿಕೆ ಓದಲು ಸಿಕ್ಕರೆ ಅದೃಷ್ಟ.

ಆ ವರ್ಷದ ಲೆಕ್ಕಾಚಾರ ಸರಳವೂ ಕ್ರೂರವೂ ಆಗಿತ್ತು. ನಮ್ಮವನಿಗೆ ಅಕಾಡೆಮಿಯ ವಯಸ್ಸು ಮುಗಿಯುತ್ತ ಬಂದಿತ್ತು. ಪಂದ್ಯಗಳ ಋತುವಿನ ಕೊನೆಯಲ್ಲಿ ದೊಡ್ಡಣ್ಣನ ಒಪ್ಪಂದ ಮುಂದುವರಿದರೆ ನಡುಮಧ್ಯದಲ್ಲಿ ಜಾಗವಿಲ್ಲ. ಜಾಗವಿಲ್ಲದಿದ್ದರೆ ಹುಡುಗನಿಗೆ ಟೀ. ದೊಡ್ಡಣ್ಣ ಚೆನ್ನಾಗಿಯೇ ಆಡುತ್ತಿದ್ದರು. ಒಪ್ಪಂದ ಮುಂದುವರಿಯುತ್ತದೆ ಎಂದೇ ಊರೆಲ್ಲ ಸುದ್ದಿ.

ಒಂದು ಭಾನುವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಅವನ ಕೈ ನಿಂತುಬಿಟ್ಟಿತ್ತು. ಎರಡು ಬೂಟುಗಳನ್ನೂ ಅಂಗಾತ ಮಾಡಿ ಮಂಡಿಯ ಮೇಲಿಟ್ಟುಕೊಂಡು ನೋಡುತ್ತಿದ್ದ. ಹುಲ್ಲಿನಲ್ಲಿ ಜಾರದಿರಲೆಂದು ಬೂಟಿನ ಅಡಿಗೆ ತಿರುಪಿ ಕೂರಿಸುವ ಗುಂಡಿಗಳಿರುತ್ತವಲ್ಲ, ಅವರು ಸ್ಟಡ್ ಅನ್ನುತ್ತಾರೆ, ಅವು ಬಲಗಾಲಿನ ಬೂಟಿನಲ್ಲಿ ಸವೆದು ಮೊಂಡಾಗಿದ್ದವು. ಎಡಗಾಲಿನಲ್ಲಿ ಅಂಗಡಿಯಿಂದ ತಂದ ಹಾಗೇ ಇದ್ದವು.

"ಏನೋ ಅದು?" ಅಂದೆ.

"ದೊಡ್ಡಣ್ಣ ಎಡಗಾಲು ಊರ್ತಿಲ್ಲ ಅತ್ತಿಗೆ. ನೋವಿದೆ. ಯಾರಿಗೂ ಹೇಳಿಲ್ಲ."

ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. ಒಂದು ಕಡೆಯ ಹಗ್ಗ ಸವೆದಿದ್ದರೆ ಇಡೀ ಕಟ್ಟಡಕ್ಕೆ ಹೇಳಿ ಲಿಫ್ಟ್ ನಿಲ್ಲಿಸುವುದು ಅವರ ಧರ್ಮ. "ಹೋಗಿ ಕೋಚ್‌ಗೆ ಹೇಳು. ನೀನೇನು ಸುಳ್ಳು ಹೇಳ್ತಿಲ್ಲ, ಚಾಡಿ ಹೇಳ್ತಿಲ್ಲ. ಇರೋದು ಹೇಳು. ಅವರ ಕಾಲಿಗೂ ಒಳ್ಳೇದು, ನಿನಗೂ ಒಳ್ಳೇದು."

"ನನಗೆ ಒಳ್ಳೇದು ಅನ್ನೋದೇ ತೊಂದರೆ ಅಣ್ಣಾ."

"ಏನೋ ತೊಂದರೆ?"

"ಬೂಟು ಕೊಟ್ಟಿದ್ದು ತೊಳೆಯೋಕೆ. ಓದೋಕಲ್ಲ."

ನನ್ನ ಗಂಡ ನನ್ನ ಮುಖ ನೋಡಿದರು, ನೀನಾದರೂ ಬುದ್ಧಿ ಹೇಳು ಎಂಬಂತೆ. ನನಗೂ ಮನಸ್ಸಿನಲ್ಲಿ ಆಸೆಯಿತ್ತು. ಆರು ವರ್ಷ ಅವನ ಕಾಲುಚೀಲ ಒಗೆದವಳು ನಾನು. ಆದರೆ ಹುಡುಗ ಆಗಲೇ ಬ್ರಷ್ಷು ಕೈಗೆತ್ತಿಕೊಂಡಿದ್ದ. ಅವನು ಬ್ರಷ್ಷು ಎತ್ತಿಕೊಂಡ ಮೇಲೆ ಮಾತು ಮುಗಿದ ಹಾಗೆ.

ಮುಂದಿನ ಪಂದ್ಯಕ್ಕೆ ಮನೆಯವರ ಪಾಸು ಸಿಕ್ಕಿತ್ತು. ಹಾಗೆ ನೋಡಿದರೆ ಅವನದು ಬದಲಿ ಆಟಗಾರರ ಬೆಂಚಿನ ಕೊನೆಯ ಜಾಗ. ಅಂದು ಇಬ್ಬರಿಗೆ ಜ್ವರ ಬಂದದ್ದರಿಂದ ಅಷ್ಟಾದರೂ ಸಿಕ್ಕಿತ್ತು. ನನ್ನ ಗಂಡ ಯಾವುದೋ ಆಸ್ಪತ್ರೆಯ ಲಿಫ್ಟಿನೊಳಗೆ ಸಿಕ್ಕಿಕೊಂಡವರನ್ನು ಬಿಡಿಸಲು ಹೋಗಿದ್ದರು. ನಾನೂ ಮಗಳೂ ಮಾತ್ರ ಹೋದೆವು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ದೊಡ್ಡಣ್ಣನ ಓಟ ಬೇರೆಯಾಗಿರುವುದು ನನಗೂ ಕಂಡಿತು. ನೆಲವನ್ನು ನಂಬದವರಂತೆ ಓಡುತ್ತಿದ್ದರು. ಅರ್ಧ ಆಟದ ವಿರಾಮಕ್ಕೆ ಮುಂಚೆಯೇ, ಯಾರೂ ಮುಟ್ಟದಿದ್ದರೂ, ತಿರುಗಲು ಹೋಗಿ ಎಡ ಮಂಡಿ ಹಿಡಿದು ಕುಸಿದರು. ಇಬ್ಬರ ಹೆಗಲ ಮೇಲೆ ಕೈ ಹಾಕಿ ಅವರು ಹೊರಗೆ ಬರುವಾಗ, ಆ ಮಡಿಕೆ ತೋಳಿನ ಜಾಕೆಟ್ಟನ್ನು ಕಳಚಿ ನಮ್ಮ ಹುಡುಗ ಒಳಗೆ ಹೋದ.

ಮೊದಲು ಮಾಡಿದ ಕೆಲಸ ಹಿಂದೆ ನೋಡಿದ್ದು. ಚೆಂಡು ಇನ್ನೂ ಎಲ್ಲೋ ಇತ್ತು; ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಮತ್ತೆ ಎಡಕ್ಕೆ ನೋಡಿದ. ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸು, "ಇದ್ಯಾರ್ರೀ ಇವನು, ಮೈದಾನದ ಮಧ್ಯೆ ನಿಂತ್ಕೊಂಡು ಯಾರನ್ನೋ ಹುಡುಕ್ತಿದ್ದಾನಲ್ಲ!" ಎಂದು ನಕ್ಕಳು. ನನ್ನ ಮಗಳು ಗಂಭೀರವಾಗಿ, "ಅದು ಅವನ ಕೆಲಸ ಆಂಟಿ" ಅಂದಳು. ಚೆಂಡು ಬಂತು, ಹಿಂದಿನಿಂದ ದೈತ್ಯನಂಥವನೊಬ್ಬ ನುಗ್ಗಿ ಬರುವಷ್ಟರಲ್ಲಿ ಚೆಂಡನ್ನು ಒಂದೇ ಸ್ಪರ್ಶದಲ್ಲಿ ಪಕ್ಕದವನಿಗೆ ದಾಟಿಸಿ ಇವನು ಬದಿಗೆ ಸರಿದಿದ್ದ, ದೈತ್ಯ ಗಾಳಿಯನ್ನು ಗುದ್ದಿ ಮುಗ್ಗರಿಸಿದ. ಗೋಲು ಹೊಡೆಯಲಿಲ್ಲ, ಹೊಡೆಸಲಿಲ್ಲ; ಪಂದ್ಯ ಸಮವಾಗಿ ಮುಗಿಯಿತು. ಆದರೆ ಆ ಹೊತ್ತಿನುದ್ದಕ್ಕೂ ಒಮ್ಮೆಯೂ ಅವನ ಕಾಲಿನಿಂದ ಚೆಂಡು ಕಸಿಯಲು ಯಾರಿಗೂ ಆಗಲಿಲ್ಲ. ಕೊನೆಕೊನೆಗೆ ಆ ಹೆಂಗಸೇ "ಗೂಬೆಗೆ ಕೊಡ್ರೋ!" ಎಂದು ಕೂಗುತ್ತಿದ್ದಳು. ಹೆಸರು ಅವಳಿಗೆ ನನ್ನ ಮಗಳೇ ಹೇಳಿಕೊಟ್ಟಿದ್ದಳು.

ಮನೆಗೆ ಬಂದು ಅವನು ಊಟ ಮಾಡಲಿಲ್ಲ. ಮೊದಲ ಪಂದ್ಯದ ಸಂಭ್ರಮ ಹೊಟ್ಟೆ ತುಂಬಿಸಿದೆಯೇನೋ ಎಂದುಕೊಂಡೆ. ಮರುದಿನವೂ ತಟ್ಟೆ ಹಾಗೇ ಉಳಿದಾಗ, "ಏನೋ ಆಗಿದೆ ನಿನಗೆ?" ಎಂದು ಎದುರಿಗೆ ಕೂತೆ.

ಆಗ ಹೇಳಿದ. ಪಂದ್ಯದ ಹಿಂದಿನ ದಿನ ಕ್ಲಬ್ಬಿನ ಸಾಮಾನು ನೋಡಿಕೊಳ್ಳುವವರು ಎಲ್ಲರ ಬೂಟುಗಳನ್ನೂ ತಿರುಗಿಸಿ ಪರೀಕ್ಷಿಸುತ್ತಾರೆ. ದೊಡ್ಡಣ್ಣನ ಬೂಟಿನ ಅಡಿ ನೋಡಿದರೆ ಅವರಿಗೆ ವಿಷಯ ತಿಳಿದುಹೋಗುತ್ತದೆ, ಕೋಚ್‌ಗೆ ಹೇಳುತ್ತಾರೆ ಎಂದು ಇವನು ಬಲ ಬೂಟಿನ ಸವೆದ ಸ್ಟಡ್‌ಗಳನ್ನು ಬಿಚ್ಚಿ ಹೊಸದನ್ನು ತಿರುಪಿಟ್ಟಿದ್ದ. ಎರಡೂ ಬೂಟು ಸಮವಾಗಿ ಕಂಡವು. ಆದರೆ ತಿಂಗಳುಗಟ್ಟಲೆ ಸವೆದ ಬಲಗಡೆಯ ಮೇಲೆ ಭಾರ ಹಾಕಿ ಓಡಿದವರಿಗೆ ಆ ಬಲಗಡೆ ಏಕಾಏಕಿ ಎತ್ತರವಾಗಿತ್ತು. ಭಾರವೆಲ್ಲ ನೋಯುವ ಎಡಗಾಲಿಗೆ ಹೊರಳಿತ್ತು.

"ಅವರನ್ನ ಉಳಿಸೋಕೆ ಹೋಗಿ ನಾನೇ ಬೀಳಿಸ್ದೆ ಅತ್ತಿಗೆ. ಬೀಳಿಸಿ ಅವರ ಜಾಗದಲ್ಲಿ ಆಡ್ದೆ."

ಮಗಳಿಗಾದರೆ ತಲೆ ಸವರಿ ಏನಾಗಲ್ಲ ಅನ್ನಬಹುದು. ಇವನು ಮಗುವಲ್ಲ. "ಮುಖ ತೊಳ್ಕೋ. ಅವರ ಮನೆಗೆ ಹೋಗಿ ಹೇಳೋಣ. ನಾನೂ ಬರ್ತೀನಿ" ಅಂದೆ. ದಾರಿಯಲ್ಲಿ ಹಣ್ಣು ತೆಗೆದುಕೊಂಡೆ. ಕಾಯಿಲೆಯವರ ಮನೆಗೆ ತಪ್ಪೊಪ್ಪಿಕೊಳ್ಳಲು ಹೋಗುವಾಗಲೂ ಬರಿಗೈಯಲ್ಲಿ ಹೋಗಬಾರದು.

ಬಾಗಿಲು ತೆರೆದವರು ದೊಡ್ಡಣ್ಣನ ಹೆಂಡತಿ. ದೊಡ್ಡಣ್ಣ ಸೋಫಾದಲ್ಲಿ ಕಾಲು ಚಾಚಿ, ಮಂಡಿಯ ಮೇಲೆ ಐಸ್ ಚೀಲ ಇಟ್ಟುಕೊಂಡು, ಟಿವಿಯ ಸದ್ದಡಗಿಸಿ ನೋಡುತ್ತ ಕುಳಿತಿದ್ದರು.

"ಏನೋ ಗೂಬೆ, ಕಾಲು ನೋಡೋಕೆ ಬಂದ್ಯೋ, ಖಾಲಿಯಾದ ಜಾಗ ನೋಡೋಕೆ ಬಂದ್ಯೋ?"

ತಮಾಷೆಗೇ ಅಂದದ್ದು. ಆದರೆ ನಮ್ಮ ಹುಡುಗ ಬಾಗಿಲಿಗೆ ಬೆನ್ನು ಹಾಕಿ ನಿಂತವನು, ಹಿಂದೆ ಅವರ ಹೆಂಡತಿ ನೀರು ಹಿಡಿದು ಬಂದು ನಿಂತರೂ ತಿರುಗಿ ನೋಡಲಿಲ್ಲ. ಅವನು ಹೆಗಲಾಚೆ ನೋಡದೆ ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಚೀಲದಿಂದ ಬೂಟು ತೆಗೆದು ಅವರ ಮುಂದಿಟ್ಟು, ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದ. ದೊಡ್ಡಣ್ಣ ಬೂಟು ತಿರುಗಿಸಿ ಅಡಿಯ ಮೇಲೆ ಹೆಬ್ಬೆರಳು ಆಡಿಸಿದರು.

"ಸಾಮಾನಿನವನು ನೋಡಿ ಹೇಳಿದ್ರೆ ನಿನಗೇ ಒಳ್ಳೇದಾಗ್ತಿತ್ತಲ್ಲೋ, ದಡ್ಡ. ಮತ್ಯಾಕೆ ಬದಲಾಯಿಸ್ದೆ?"

"ಅದಕ್ಕೇ ಬದಲಾಯಿಸಿದ್ದು."

ಅವರ ಹೆಂಡತಿ ನೀರಿನ ಲೋಟ ಇಟ್ಟು, "ನಾನು ಯಾವತ್ತೋ ಹೇಳಿದ್ದೆ. ಇವರು ಮೆಟ್ಟಿಲಿಳಿಯೋ ಸದ್ದೇ ಬೇರೆಯಾಗಿತ್ತು. ಕಾಲು ತೋರಿಸ್ಕೊಳ್ರೀ ಅಂದ್ರೆ, ನಿನ್ನ ಕಿವಿ ತೋರಿಸ್ಕೋ ಅಂದ್ರು" ಅಂದರು.

ದೊಡ್ಡಣ್ಣನಿಗೆ ನಗು ಬಂತು. ಮಂಡಿ ನೋವಿಗೆ ಅದು ಅರ್ಧಕ್ಕೇ ನಿಂತಿತು. "ನೋಡೋ, ನೀನು ಕೊಟ್ಟಿದ್ದು ನೆಟ್ಟಗಿದ್ದ ಬೂಟು. ಸೊಟ್ಟಗಿದ್ದದ್ದು ನನ್ನ ನಡಿಗೆ. ಇವತ್ತಲ್ಲ ನಾಳೆ ಬೀಳ್ತಿದ್ದೆ. ಆದ್ರೆ ಬೂಟು ಮುಟ್ಟೋ ಮುಂಚೆ ನನಗೊಂದು ಮಾತು ಹೇಳ್ಬೇಕಿತ್ತು."

"ಹೇಳಿದ್ರೆ ಕೇಳ್ತಿದ್ರಾ ದೊಡ್ಡಣ್ಣ?"

"ಎಲ್ಲಿ ಕೇಳ್ತಿದ್ದೆ! ಕಪಾಳಕ್ಕೆ ಬಿಡ್ತಿದ್ದೆ. ಆದ್ರೂ ಹೇಳ್ಬೇಕಿತ್ತು."

ವಾಪಸು ಬರುವಾಗ ಅವನು ಮತ್ತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತ ರಸ್ತೆ ದಾಟಿದ. ಆ ದಿನ ಊಟ ಮಾಡಿದ. ಎರಡು ದಿನದ್ದನ್ನೂ ಸೇರಿಸಿಯೇ ಮಾಡಿದ.

ದೊಡ್ಡಣ್ಣ ಮತ್ತೆ ಆಡಲಿಲ್ಲ. ಈಗ ಅಕಾಡೆಮಿಯಲ್ಲಿ ಹುಡುಗರಿಗೆ ಕಲಿಸುತ್ತಾರೆ. ಉಳಿದ ಪಂದ್ಯಗಳಲ್ಲೆಲ್ಲ ನಮ್ಮವನೇ ಆಡಿದ. ಋತು ಮುಗಿದ ಸಂಜೆ ಕಚೇರಿಗೆ ಹೋದವನು ಮುಖ ಸಪ್ಪೆ ಮಾಡಿಕೊಂಡು ಬಂದ. ನನ್ನ ಗಂಡ ಬಾಗಿಲಲ್ಲೇ ಕಾದಿದ್ದರು. "ಟೀ ಕೊಟ್ರು ಅಣ್ಣಾ" ಅಂದ. ನನ್ನ ಕೈಯ ಸೌಟು ಅಲ್ಲೇ ನಿಂತಿತು. ಆಮೇಲೆ ಜಾಕೆಟ್ಟಿನ ಜೇಬಿನಿಂದ ಒಪ್ಪಂದದ ಪತ್ರ ತೆಗೆದ. "ಮೊದಲ ತಂಡದವರಿಗೆ ಎಲ್ಲಕ್ಕೂ ಟೀ ಕೊಡ್ತಾರಂತೆ. ಭಯಕ್ಕೆ ನಾನು ಕುಡೀಲೇ ಇಲ್ಲ." ಅಣ್ಣ ಅವನ ಬೆನ್ನಿಗೊಂದು ಗುದ್ದು ಕೊಟ್ಟರು; ಅದು ಬರುವುದು ಮಾತ್ರ ಹೇಗೋ ಅವನಿಗೆ ಕಾಣಲಿಲ್ಲ.

ಮುಂದೆ ನೋಡು, ಮುನ್ನುಗ್ಗು ಎಂದು ಲೋಕ ಮಕ್ಕಳಿಗೆ ಉಪದೇಶಿಸುತ್ತದೆ. ಶಾಲೆಯ ಗೋಡೆಗಳ ಮೇಲೂ ಅದನ್ನೇ ಬರೆಸುತ್ತದೆ. ಆದರೆ ಯಾವ ತಂಡವನ್ನಾದರೂ, ಯಾವ ಮನೆಯನ್ನಾದರೂ ಸ್ವಲ್ಪ ಹೊತ್ತು ಸುಮ್ಮನೆ ಕೂತು ನೋಡಿದರೆ, ಅದು ನಡೆಯುತ್ತಿರುವುದು ಇಂಥ ಹಿಂದೆ ನೋಡುವವರಿಂದ ಎಂದು ನನಗನ್ನಿಸುತ್ತದೆ. ತಮ್ಮ ಪಾಲಿಗೆ ಬಂದದ್ದಕ್ಕೆ ಕೈಯೊಡ್ಡುವ ಮುಂಚೆ, ಯಾರು ಎಲ್ಲಿದ್ದಾರೆ, ಯಾರಿಗೆ ತಾಗೀತು ಎಂದು ಒಮ್ಮೆ ತಿರುಗಿ ನೋಡುವವರು ಅವರು. ಅವರು ಗೋಲು ಹೊಡೆಯುವುದು ಅಪರೂಪ. ಚಿತ್ರಗಳಲ್ಲಿ ಅವರ ಮುಖ ಸದಾ ಬೇರೆ ಕಡೆಗೆ ತಿರುಗಿರುತ್ತದೆ. ಅವರೂ ತಪ್ಪುತ್ತಾರೆ, ಅದೂ ಹೆಚ್ಚಾಗಿ ಇನ್ನೊಬ್ಬರ ಒಳ್ಳೆಯದಕ್ಕೆಂದು ಹೊರಟಾಗ. ಆದರೆ ತಪ್ಪಿದ ಮೇಲೆ ಅವರು ಮೊದಲು ತಿರುಗಿ ನೋಡುವುದು ಬಿದ್ದವರ ಕಡೆಗೆ.

ಈಗ ಅವನ ಬೂಟುಗಳನ್ನೂ ಅಕಾಡೆಮಿಯ ಹುಡುಗರಿಗೆ ವಹಿಸುತ್ತೇವೆ ಎಂದು ಕ್ಲಬ್ಬಿನವರು ಹೇಳಿದ್ದರು. ಬೇಡವೆಂದು ತಾನೇ ಮನೆಗೆ ತಂದು ತೊಳೆಯುತ್ತಾನೆ. ಮೊನ್ನೆ ಬಾಲ್ಕನಿಯಲ್ಲಿ ಒಗೆದ ಬಟ್ಟೆ ಹರವುತ್ತಿದ್ದಾಗ ಎರಡೂ ಬೂಟುಗಳನ್ನು ನನ್ನ ಮುಂದೆ ಅಂಗಾತ ಹಿಡಿದ. ಸ್ಟಡ್‌ಗಳು ಎರಡೂ ಕಡೆ ಒಂದೇ ಸಮ ಇದ್ದವು.

"ಅತ್ತಿಗೆ, ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ಬಟ್ಟೆ ಒಣಗಿಸೋಕೆ ಬಂದಾಗ್ಲೆಲ್ಲ ಇವುಗಳ ಅಡಿ ಒಂದ್ಸಲ ನೋಡ್ತಾ ಇರಿ. ನಾನು ನೋಡಿದ್ರೂ ನೋಡಿಲ್ಲ ಅಂದ್ಕೋತೀನಿ. ಎಡ ಬಲ ಬೇರೆಯಾದ ದಿನ ನನಗೇ ಹೇಳ್ಬಿಡಿ. ನಾನು ರೇಗಿದ್ರೂ ಹೇಳಿ. ಜಾಸ್ತಿ ಏನೂ ಬೇಡ, 'ಬಂತು' ಅನ್ನಿ ಸಾಕು."